ತಿಂದದ್ದಕ್ಕೆ ಬೈಗುಳ, ತಿಂದವರಿಗೂ ಬೈಗುಳ

ಕಾಗಿನೆಲೆಯ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಧಾನ್ಯಗಳನ್ನೇ ಜಗಳಕ್ಕೆ ನಿಲ್ಲಿಸಿದರು. ದೇವರ ನೈವೇದ್ಯಕ್ಕೆ ಸಲ್ಲುವುದು ತಾನೆಂದು ಬೀಗುತ್ತ ಭತ್ತ ರಾಗಿಯನ್ನು ಹೀಯಾಳಿಸುತ್ತದೆ. ಬರಗಾಲದಲ್ಲಿ ಬಡವರನ್ನು ಕಾಯುವುದು ಯಾರೆಂದು ರಾಗಿ ತಿರುಗಿ ಕೇಳುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಕೆಡದೆ ಉಳಿದ ರಾಗಿ ಗೆಲ್ಲುತ್ತದೆ. ರಾಗಿಯ ಹೆಸರಲ್ಲಿ ಅಲ್ಲಿ ನಿಜವಾಗಿ ಬೈಸಿಕೊಂಡವರು ಅದನ್ನು ಉಣ್ಣುವವರು. ಕಾವ್ಯದ ಮೊನೆ ಇರುವುದೇ ಇಲ್ಲಿ.

ಕಾಗಿನೆಲೆ ಇರುವ ಹಾವೇರಿ ಸೀಮೆಯಲ್ಲೇ ಈಗ ಪಕ್ಷ ಅದಲುಬದಲಾಗಿದೆ. 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಪ್ರಚಾರವೂ ಸೇರಿಕೊಂಡು ಜೋಳ, ನವಣೆ, ರಾಗಿ ಮೇಲೇರಿದವು. ಡಯಟ್ ಹಿಡಿದವರ ಮನೆಯಲ್ಲಿ ಅನ್ನ ಅಪರಾಧಿಯಾಯಿತು. ರೊಟ್ಟಿಗೆ ಮರ್ಯಾದೆ ಬಂದದ್ದು ಸಂತೋಷವೇ. ಆದರೆ ಅನ್ನಕ್ಕೆ ಬಿದ್ದ ಬೈಗುಳ ಅನ್ನದಲ್ಲೇ ನಿಲ್ಲುವುದಿಲ್ಲ, ತಿಂದವರಿಗೂ ತಗಲುತ್ತದೆ.

ರಾಣೆಬೆನ್ನೂರಿನ ಸಂಜೆ, ಬಿಸಿ ಮಿರ್ಚಿ, ಪಕ್ಕದಲ್ಲಿ ಮಂಡಕ್ಕಿ. ಬೆಳಗಿನಿಂದ ಬಾಯಿ ಕಟ್ಟಿದಾಕೆ ಒಂದು ಮಿರ್ಚಿ ತಿನ್ನುತ್ತಾಳೆ. ‘ಕೆಟ್ಟೋತು, ನನ್ನ ಕೈಲೆ ಆಗೂದಲ್ಲ, ಇನ್ನ ಎಷ್ಟ ತಿಂದ್ರೇನು’ ಅಂದುಕೊಳ್ಳುತ್ತಲೇ ಇನ್ನೂ ಮೂರು ಒಳಗೆ ಹೋಗುತ್ತವೆ. ಹೊಟ್ಟೆ ಕೇಳಿದ್ದು ಒಂದನ್ನು, ಉಳಿದ ಮೂರನ್ನು ತಿನ್ನಿಸಿದ್ದು ಆ ಮಾತು.

ಇದು ಬರೀ ಊಹೆಯಲ್ಲ. 1975ರಲ್ಲಿ ಅಮೆರಿಕದ ಸಂಶೋಧಕರಾದ ಹರ್ಮನ್ ಮತ್ತು ಮ್ಯಾಕ್ ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಂ ಬೇಕಾದಷ್ಟು ತಿನ್ನಲು ಬಿಟ್ಟರು. ಪಥ್ಯದ ಚಿಂತೆ ಇಲ್ಲದವರು ಕಡಿಮೆ ತಿಂದರು. ಸದಾ ಬಾಯಿ ಕಟ್ಟುವವರೇ ಹೆಚ್ಚು ತಿಂದರು. 2007ರಲ್ಲಿ ಆಡಮ್ಸ್ ಮತ್ತು ಲಿಯರಿ ಡೋನಟ್ ತಿನ್ನಿಸಿ, ‘ಎಲ್ಲರೂ ತಿಂತಾರೆ, ಇಷ್ಟಕ್ಕೆಲ್ಲ ಹಳಹಳಿಸಬೇಡಿ’ ಎಂಬಂಥ ಮಾತು ಹೇಳಿದಾಗ, ಪಥ್ಯದವರು ನಂತರ ಇಟ್ಟ ಸಿಹಿಯನ್ನು ಕಡಿಮೆ ತಿಂದರು.

ತನ್ನನ್ನೇ ಬೈದುಕೊಳ್ಳುವ ಪಾಠ ಹೊರಗಿನಿಂದಲೇ ಬರುತ್ತದೆ. ಬ್ಯಾಡಗಿಯ ಮದುವೆ ಪಂಕ್ತಿಯಲ್ಲಿ ‘ಎಷ್ಟ ದಪ್ಪ ಆಗಿಯವ್ವಾ’ ಅಂದ ದೊಡ್ಡಮ್ಮನೇ ಮರುಕ್ಷಣ ಇನ್ನೊಂದು ಹೋಳಿಗೆ ಬಡಿಸಿ, ಮೇಲೆ ತುಪ್ಪವನ್ನೂ ಹಾಕುತ್ತಾಳೆ! ಬೈಗುಳದ ವಿಷಯದಲ್ಲಿ ಶ್ರಾವಣ ಸೋಮವಾರದ ಒಪ್ಪತ್ತು ಡಯಟ್‌ಗಿಂತ ಮೇಲು: ಅದಕ್ಕೊಂದು ಕೊನೆಯಿದೆ, ತೂಕದ ಯಂತ್ರದ ತೀರ್ಪಿಲ್ಲ.

ಆದರೂ ಆ ಪ್ರಯೋಗಗಳು ಅಳೆದದ್ದು ಒಂದು ಹೊತ್ತಿನ ತಿನಿಸನ್ನು ಮಾತ್ರ. ಮೃದು ಮಾತಿನಿಂದ ಮಿರ್ಚಿಯ ಎಣ್ಣೆ ಇಳಿಯದು. ಸಕ್ಕರೆ ಕಾಯಿಲೆಯವರು ಅನ್ನ ಅಳೆದೇ ಉಣ್ಣಬೇಕು. ಅಳೆಯುವುದು ಬೇರೆ, ಹಳಿಯುವುದು ಬೇರೆ. ‘ಒಂದ ಮಿರ್ಚಿ ತಿಂದೆ, ರಾತ್ರಿ ಎಂದಿನಂಗ ರೊಟ್ಟಿ-ಪಲ್ಯ’ ಅಂದುಕೊಂಡು ಮನೆಗೆ ನಡೆದಾಕೆಗೆ ನಾಳೆಯಿಂದ ಹೊಸ ಡಯಟ್ ಶುರು ಮಾಡುವ ಕೆಲಸ ಇರುವುದಿಲ್ಲ.