‘ಅಂತೆ’ಯನ್ನು ಅಳಿಸುವ ಪ್ರಬಂಧ

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಂದ ಬರೆಸುವ ಪ್ರಬಂಧಗಳ ಶೀರ್ಷಿಕೆಗಳನ್ನು ಒಂದೆಡೆ ಸೇರಿಸಿ ನೋಡಬೇಕು: ‘ಗ್ರಂಥಾಲಯದ ಮಹತ್ವ’, ‘ನೀರಿನ ಮಹತ್ವ’, ‘ಪರಿಸರ ಸಂರಕ್ಷಣೆಯ ಅಗತ್ಯ’. ತೀರ್ಪು ಶೀರ್ಷಿಕೆಯಲ್ಲೇ ಬಂದುಬಿಟ್ಟಿದೆ. ಮಗುವಿಗೆ ಉಳಿದದ್ದು ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಖಾನೆಗಳನ್ನು ತುಂಬುವುದು ಮಾತ್ರ. ಗಾದೆ ವಿಸ್ತರಣೆ ಇನ್ನೂ ಒಂದು ಹೆಜ್ಜೆ ಮುಂದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಒಪ್ಪಿಕೊಂಡೇ ಅಲ್ಲಿ ಬರವಣಿಗೆ ಶುರುವಾಗುತ್ತದೆ. ಹೀಗೆ ವಿಸ್ತರಿಸಲು ಕೊಡುವ ಗಾದೆಗಳಲ್ಲಿ ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಕೂಡ ಒಂದು. ಅದಕ್ಕೆ ಮಗು ಬರೆಯುವುದು ತೊಟ್ಟಿಲ ಕೂಸು ಮತ್ತು ಮುಂಗುಸಿಯ ಕಥೆಯನ್ನು, ಅದೂ ಬಾಯಿಪಾಠ ಮಾಡಿಕೊಂಡು. ಪ್ರಮಾಣಿಸಿ ನೋಡು ಎನ್ನುವ ಮಾತನ್ನೇ ಪ್ರಮಾಣಿಸದೆ ಬರೆಯುವುದು ಈ ಪದ್ಧತಿಯ ದೊಡ್ಡ ಸೋಲು ಎಂದು ನಾನು ತಿಳಿಯುತ್ತೇನೆ. ಅಂದವಾದ ಅಕ್ಷರ, ತಪ್ಪಿಲ್ಲದ ಕಾಗುಣಿತ, ಕ್ರಮವಾದ ಪ್ಯಾರಾಗಳು ಇದರಿಂದ ಬರುತ್ತವೆ, ನಿಜ. ಆದರೆ ‘ನನಗೆ ಹೀಗನ್ನಿಸುತ್ತದೆ, ಏಕೆಂದರೆ ಇದನ್ನು ನೋಡಿದೆ, ಇದನ್ನು ಎಣಿಸಿದೆ’ ಎಂದು ಬರೆಯುವ ಶಕ್ತಿ ಇದರಿಂದ ಬರುವುದಿಲ್ಲ.

ಹತ್ತು ವರ್ಷದ ಮಗುವಿಗೆ ಸಾಕ್ಷ್ಯ, ಆಧಾರ ಎಂಬುದೆಲ್ಲ ದೊಡ್ಡ ಮಾತಾಯಿತು, ಮೊದಲು ಭಾಷೆ ಬರಲಿ ಎನ್ನುವವರಿದ್ದಾರೆ. ಅವರು ಕನ್ನಡ ಭಾಷೆಯನ್ನೇ ಇನ್ನೊಮ್ಮೆ ಗಮನಿಸಬೇಕು. ‘ಕೆರೆ ಕೋಡಿ ಬಿದ್ದಿದೆ’ ಎನ್ನುವುದಕ್ಕೂ ‘ಕೆರೆ ಕೋಡಿ ಬಿದ್ದಿದೆಯಂತೆ’ ಎನ್ನುವುದಕ್ಕೂ ಇರುವ ಅಂತರ ಶಾಲೆಗೆ ಕಾಲಿಡುವ ಮೊದಲೇ ಮಗುವಿಗೆ ಗೊತ್ತು. ಮೊದಲನೆಯದು ಕಂಡ ಮಾತು, ಎರಡನೆಯದು ಕೇಳಿದ ಮಾತು. ‘ಬಿದ್ದಿರಬೇಕು’ ಎಂದರೆ ಯಾವುದೋ ಗುರುತು ಹಿಡಿದು ಊಹಿಸಿದ್ದು. ‘ಬಿದ್ದಿರಬಹುದು’ ಎಂದರೆ ಗುರುತೂ ಗಟ್ಟಿಯಿಲ್ಲ. ನಮ್ಮ ತರ್ಕಶಾಸ್ತ್ರ ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಹೆಸರಿಟ್ಟು ಬೇರ್ಪಡಿಸಿದ್ದನ್ನು ಅಂಗಳದಲ್ಲಿ ಆಡುವ ಮಗು ಕ್ರಿಯಾಪದದ ಕೊನೆಯಲ್ಲೇ ಬೇರ್ಪಡಿಸುತ್ತದೆ. ಶಾಲೆಯ ಪ್ರಬಂಧ ಮಾಡುವುದೇನು? ‘ಅಂತೆ’ ಆಡುಮಾತು ಎಂದು ಕೆಂಪು ಗೆರೆ ಎಳೆಯುತ್ತದೆ. ಕಂಡದ್ದು, ಕೇಳಿದ್ದು, ಗೈಡಿನಲ್ಲಿ ಓದಿದ್ದು ಎಲ್ಲವೂ ‘ಆಗಿದೆ’, ‘ಇರುತ್ತದೆ’ ಎಂಬ ಒಂದೇ ನಿಶ್ಚಯದ ಧಾಟಿಗೆ ಬರುತ್ತವೆ. ಮಗು ತಂದಿದ್ದ ವಿವೇಕವನ್ನು ನಾವು ಶುದ್ಧ ಬರವಣಿಗೆಯ ಹೆಸರಿನಲ್ಲಿ ಅಳಿಸುತ್ತಿದ್ದೇವೆ. ಆಧಾರ ಕೊಟ್ಟು ಬರೆಯುವುದನ್ನು ಕಲಿಸುವುದೆಂದರೆ ಹೊಸದನ್ನು ಹೇರುವುದಲ್ಲ. ಆ ‘ಅಂತೆ’ಯನ್ನು ಹಿಂದಕ್ಕೆ ಕರೆದು, ‘ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು?’ ಎಂದು ಅದರ ಮುಂದೆ ಎರಡು ಪ್ರಶ್ನೆ ಇಡುವುದು.

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕಲ್ಲಿನಲ್ಲಿ ದೇವರ ಮೂರ್ತಿ ಕಡೆಯುವ ಶಿಲ್ಪಿಗಳ ಊರು ಅದು. ಅಲ್ಲಿನ ಮಗು ‘ನಮ್ಮ ಊರು’ ಎಂಬ ಪ್ರಬಂಧವನ್ನು ‘ನಮ್ಮ ಊರು ಶಿಲ್ಪಕಲೆಗೆ ಪ್ರಸಿದ್ಧವಾಗಿದೆ’ ಎಂದು ಶುರುಮಾಡಿದರೆ ಅದು ಸುಳ್ಳಲ್ಲ, ಆದರೆ ಆ ಸಾಲನ್ನು ಬರೆಯಲು ಶಿವಾರಪಟ್ಟಣದಲ್ಲಿ ಹುಟ್ಟಬೇಕಾಗಿಲ್ಲ. ಶೀರ್ಷಿಕೆಯ ಬದಲು ಪ್ರಶ್ನೆ ಕೊಟ್ಟು ನೋಡಿ: ಉಳಿ ಸುತ್ತಿಗೆಯ ಜೊತೆಗೆ ಕಲ್ಲು ಕೊಯ್ಯುವ, ಉಜ್ಜುವ ಯಂತ್ರಗಳು ಬಂದದ್ದು ಒಳ್ಳೆಯದಾಯಿತೇ? ಈಗ ಮಗು ಎದ್ದು ಹೊರಗೆ ಹೋಗಬೇಕು. ಎರಡು ಅಡಿಯ ಗಣಪತಿಗೆ ಕೈಯಲ್ಲಿ ಎಷ್ಟು ದಿನ, ಯಂತ್ರದಲ್ಲಿ ಎಷ್ಟು ದಿನ ಎಂದು ಕೇಳಬೇಕು. ಒಬ್ಬರನ್ನು ಕೇಳಿದರೆ ಸಾಲದು, ಮೂವರನ್ನಾದರೂ ಕೇಳಬೇಕು. ಯಂತ್ರ ಕೊಂಡವರು ಹೇಳುವುದಕ್ಕೂ ಕೊಳ್ಳಲಾಗದವರು ಹೇಳುವುದಕ್ಕೂ ಏಕೆ ವ್ಯತ್ಯಾಸ ಎಂದು ಯೋಚಿಸಬೇಕು. ಕೆಲಸದ ಜಾಗದ ಪಕ್ಕದ ಗಿಡದ ಎಲೆ ಒರೆಸಿದರೆ ಬೆರಳಿಗೆ ಎಷ್ಟು ಧೂಳು ಹತ್ತುತ್ತದೆ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡವರು ಎಷ್ಟು ಜನ ಎಂದು ನೋಡಬೇಕು. ಗ್ರಾನೈಟಿನ ಸಣ್ಣ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಬರಬಹುದು ಎಂಬುದನ್ನು ಶಿಕ್ಷಕರು ಪುಸ್ತಕದ ಆಧಾರವಾಗಿ ಸೇರಿಸಬಹುದು. ಒಂದು ಮಗು ‘ಒಳ್ಳೆಯದಾಯಿತು, ದಿನಗಳು ಉಳಿದವು’ ಎನ್ನಲಿ. ಇನ್ನೊಂದು ‘ಕೆಟ್ಟದಾಯಿತು, ಧೂಳು ಹೆಚ್ಚಿತು’ ಎನ್ನಲಿ. ಎರಡೂ ಒಳ್ಳೆಯ ಪ್ರಬಂಧಗಳಾಗಬಲ್ಲವು. ಮೂರ್ತಿಗೆ ಕಲ್ಲು ಆರಿಸುವಾಗ ಬಡಿದು ನಾದ ಕೇಳಬೇಕು ಎನ್ನುತ್ತದೆ ಶಿಲ್ಪಶಾಸ್ತ್ರ. ಒಳಗೆ ಬಿರುಕಿದ್ದರೆ ದನಿ ಒಡೆಯುತ್ತದೆ. ಅಭಿಪ್ರಾಯವನ್ನೂ ಹಾಗೆ ಬಡಿದು ನೋಡಿ ಎಂದರೆ ಶಿಲ್ಪಿಯ ಮನೆಯ ಮಗುವಿಗೆ ಬೇರೆ ವಿವರಣೆ ಬೇಡ.

ಹಳ್ಳಿ ಶಾಲೆಯಲ್ಲಿ ಆಧಾರಕ್ಕೆ ಗ್ರಂಥಾಲಯವೆಲ್ಲಿದೆ, ಇಂಟರ್ನೆಟ್ ಎಲ್ಲಿದೆ ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಆಧಾರ ಈಗಾಗಲೇ ಶಾಲೆಯೊಳಗೇ ಇದೆ. ಪರಿಸರ ಅಧ್ಯಯನದ ಪಾಠಗಳು ಹಿರಿಯರನ್ನು ಕೇಳಿ ಬರೆ, ಸುತ್ತಲಿನದನ್ನು ನೋಡಿ ಪಟ್ಟಿ ಮಾಡು ಎನ್ನುತ್ತವೆ. ಆ ಪಟ್ಟಿ ಆ ನೋಟ್‌ಪುಸ್ತಕದಲ್ಲೇ ಮುಗಿಯುತ್ತದೆ. ಕನ್ನಡದ ಪೀರಿಯಡ್ಡಿನಲ್ಲಿ ಅದೇ ಮಗು ನೀರಿನ ಮಹತ್ವವನ್ನು ಒಂದು ಅಂಕಿಯೂ ಇಲ್ಲದೆ ಬರೆಯುತ್ತದೆ. ಈ ಎರಡು ನೋಟ್‌ಪುಸ್ತಕಗಳು ಒಂದೇ ಚೀಲದಲ್ಲಿದ್ದೂ ಒಂದನ್ನೊಂದು ನೋಡುವುದಿಲ್ಲ. ನದಿಯ ಆಸರೆಯಿಲ್ಲದೆ ಕೆರೆ, ಕೊಳವೆಬಾವಿಗಳನ್ನೇ ನಂಬಿದ ಕೋಲಾರ ಜಿಲ್ಲೆಯಲ್ಲಿ ಇದು ಇನ್ನೂ ದೊಡ್ಡ ನಷ್ಟ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಜಿಲ್ಲೆಗೆ ಬಂತು. ಕೊಳವೆಬಾವಿಗೆ ಮತ್ತೆ ನೀರು ಬಂತು ಎನ್ನುವವರು ಒಂದು ಕಡೆ, ಮೂರನೇ ಹಂತದ ಸಂಸ್ಕರಣೆಯಿಲ್ಲದ ನೀರು ನೆಲವನ್ನೂ ಅಂತರ್ಜಲವನ್ನೂ ಕೆಡಿಸುತ್ತದೆ ಎನ್ನುವವರು ಇನ್ನೊಂದು ಕಡೆ. ವಿವಾದ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಐದನೇ ತರಗತಿ ಅದನ್ನು ತೀರ್ಮಾನಿಸಬೇಕಾಗಿಲ್ಲ. ‘ಕೆರೆ ತುಂಬಿದ ಮೇಲೆ ನಮ್ಮ ಬೀದಿಯ ಕೊಳವೆಬಾವಿಗಳಲ್ಲಿ ನೀರು ಹೆಚ್ಚಿದೆಯೇ?’ ಎಂಬಷ್ಟನ್ನು ಮನೆಮನೆಗೆ ಹೋಗಿ ಕೇಳಿ, ಇಷ್ಟು ಮನೆಗಳಲ್ಲಿ ಹೌದು, ಇಷ್ಟರಲ್ಲಿ ಇಲ್ಲ ಎಂದು ಬರೆದು, ತನ್ನ ಅಭಿಪ್ರಾಯ ಹೇಳಿದರೆ ಸಾಕು. ನೀರಿನ ಗುಣದ ಬಗ್ಗೆ ತನಗೆ ಗೊತ್ತಿಲ್ಲ, ಅದಕ್ಕೆ ಪ್ರಯೋಗಾಲಯ ಬೇಕು ಎಂದೂ ಬರೆದರೆ ಆ ಸಾಲಿಗೆ ನಾನು ಎಲ್ಲಕ್ಕಿಂತ ಹೆಚ್ಚು ಅಂಕ ಕೊಡುತ್ತೇನೆ.

ಇದರಿಂದ ಮಕ್ಕಳು ಹಿರಿಯರಿಗೆ ಎದುರು ಮಾತಾಡುವುದನ್ನು ಕಲಿಯುತ್ತಾರೆ ಎಂಬ ಅಳುಕು ಹಲವು ಪೋಷಕರಲ್ಲಿದೆ, ಕೆಲವು ಮೇಷ್ಟ್ರುಗಳಲ್ಲೂ ಇದೆ. ಆದರೆ ಆಧಾರವಿಲ್ಲದ ಮಾತೇ ಗಂಟಲೇರಿಸುತ್ತದೆ. ಎಣಿಸಿ ಬಂದವನಿಗೆ ಕೂಗಬೇಕಾಗಿಲ್ಲ. ನ್ಯಾಯದರ್ಶನ ಹೇಳುವ ವಾದದ ಐದು ಅವಯವಗಳಲ್ಲಿ ಮೊದಲನೆಯದು ಪ್ರತಿಜ್ಞೆ, ಅಂದರೆ ಸಾಧಿಸಬೇಕಾದ ಮಾತು; ಮರುಕ್ಷಣವೇ ಹೇತು, ಅಂದರೆ ಕಾರಣ; ಅದರ ಹಿಂದೆಯೇ ಉದಾಹರಣೆ. ಹೇತುವಿಲ್ಲದ ಪ್ರತಿಜ್ಞೆಯನ್ನು ನಮ್ಮ ಹಿರಿಯರೂ ಸಭೆಯಲ್ಲಿ ಒಪ್ಪುತ್ತಿರಲಿಲ್ಲ. ಇನ್ನು ಮಕ್ಕಳ ಮಾತಿಗೆ ಸಭೆಯನ್ನು ಸರ್ಕಾರವೇ ಕೊಟ್ಟಿದೆ. 1990ರ ದಶಕದಲ್ಲಿ ಕುಂದಾಪುರ ಸೀಮೆಯ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ನಡೆದವು. ಅಲ್ಲಿ ಮಕ್ಕಳೇ ಮಾಹಿತಿ ಕಲೆಹಾಕಿ ದೊಡ್ಡವರ ಮುಂದಿಟ್ಟರು. 2006ರಿಂದ ರಾಜ್ಯದ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮ ಸಭೆ ನಡೆಸಬೇಕೆಂಬ ಆದೇಶವಿದೆ. ಅಲ್ಲಿ ‘ನಮ್ಮ ಶಾಲೆಗೆ ಶೌಚಾಲಯ ಬೇಕು’ ಎನ್ನುವ ಮನವಿಗೂ ‘ಇಷ್ಟು ಹುಡುಗಿಯರಿಗೆ ಒಂದೇ ಶೌಚಾಲಯ, ಅದರ ನಲ್ಲಿಯಲ್ಲಿ ಈ ವಾರ ಮೂರು ದಿನ ನೀರಿರಲಿಲ್ಲ’ ಎನ್ನುವ ಮನವಿಗೂ ಇರುವ ತೂಕದ ವ್ಯತ್ಯಾಸ ಯಾವ ಪಂಚಾಯಿತಿ ಸದಸ್ಯರಿಗೂ ತಿಳಿಯುತ್ತದೆ. ಎರಡನೆಯದನ್ನು ಬರೆಯಲು ಕಲಿಸಬೇಕಾದದ್ದು ಕನ್ನಡದ ಪೀರಿಯಡ್ಡು.

ನನ್ನನ್ನು ನಿಜವಾಗಿ ಕಾಡುವ ಆಕ್ಷೇಪ ಬೇರೆ. ಇದೂ ನಾಳೆ ಒಂದು ಅಚ್ಚಾಗಬಹುದು: ಒಂದು ಅಭಿಪ್ರಾಯ, ಮೂರು ‘ಏಕೆಂದರೆ’, ಒಂದು ಉಪಸಂಹಾರ, ಗೈಡಿನಲ್ಲಿ ಸಿದ್ಧ ಅಂಕಿಗಳು. ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುವ ಶಿಕ್ಷಕರಿಗೆ ಪ್ರತಿ ಮಗುವಿನ ಆಧಾರವನ್ನು ಪರಿಶೀಲಿಸಲು ಸಮಯವೂ ಇಲ್ಲ. ಈ ಮಾತಿಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ, ಭಾಗಶಃ ಇದೆ. ವರ್ಷಕ್ಕೆ ಹತ್ತು ಪ್ರಬಂಧಗಳ ಬದಲು ಎರಡೇ ಸಾಕು. ಇಡೀ ತರಗತಿ ಒಂದೇ ಪ್ರಶ್ನೆಗೆ ಮಾಹಿತಿ ತಂದರೆ ಮಕ್ಕಳೇ ಒಬ್ಬರದನ್ನೊಬ್ಬರು ತಾಳೆ ನೋಡುತ್ತಾರೆ, ಮತ್ತು ಊರಿನದೇ ಪ್ರಶ್ನೆಗೆ ಗೈಡಿನಲ್ಲಿ ಉತ್ತರ ಇರುವುದಿಲ್ಲ. ಅಂಕ ಕೊಡುವಾಗ ಅಭಿಪ್ರಾಯ ಸರಿಯೇ ಎಂದು ನೋಡದೆ, ಹೇಳಿದ ಆಧಾರ ಆ ಅಭಿಪ್ರಾಯವನ್ನು ಹೊರುತ್ತದೆಯೇ, ಎದುರು ಮಾತನ್ನೂ ಮಗು ಕೇಳಿಸಿಕೊಂಡಿದೆಯೇ ಎಂದಷ್ಟೇ ನೋಡಿದರೆ ಬಾಯಿಪಾಠಕ್ಕೆ ಅಲ್ಲಿ ಜಾಗ ಸಿಗುವುದು ಕಷ್ಟ. ಪ್ರತಿಭಾ ಕಾರಂಜಿಯ, ಶಾಲೆ ಹಬ್ಬಗಳ ಪ್ರಬಂಧ ಸ್ಪರ್ಧೆ ನಡೆಸುವ ಶಿಕ್ಷಕರಲ್ಲಿ ಕೇಳಿಕೊಳ್ಳುವುದು ಇಷ್ಟು: ಈ ಸಲ ಶೀರ್ಷಿಕೆಯಿಂದ ‘ಮಹತ್ವ’ವನ್ನು ತೆಗೆದು ನಿಮ್ಮ ಊರಿನ ಒಂದು ಪ್ರಶ್ನೆಯನ್ನು ಕೊಡಿ, ಮತ್ತು ಬರೆಯಲು ಕೂರಿಸುವ ಎರಡು ವಾರ ಮೊದಲೇ ಕೊಡಿ.