‘ಗೌಡರ’ ಮತ್ತು ‘ಯೂಲಿಯಸ್’: ಮನೆತನದ ಹೆಸರಿನಲ್ಲಿ ವಿಶೇಷಣ

ಬಾಗಲಕೋಟೆ ಸೀಮೆಯ ಅಡ್ಡಹೆಸರುಗಳನ್ನು ಕುರಿತ ಬರಹಗಳಲ್ಲಿ ಅರ್ಥವನ್ನು ಹೇಳಿ ವ್ಯಾಕರಣವನ್ನು ಬಿಟ್ಟುಬಿಡುವ ರೂಢಿ ಬಲವಾಗಿದೆ. ‘ಹಿರೇಮಠ’ ಎಂದರೆ ದೊಡ್ಡ ಮಠ, ‘ಗೌಡರ’ ಎಂದರೆ ಗೌಡರು ಎಂಬಲ್ಲಿಗೆ ವಿವರಣೆ ಮುಗಿಯುತ್ತದೆ. ಎರಡನೆಯದನ್ನು ಒಪ್ಪಲಾಗದು. ‘ಗೌಡರು’ ಪ್ರಥಮಾ, ‘ಗೌಡರ’ ಷಷ್ಠೀ. ಅಂತ್ಯದ ಉಕಾರ ಮಾತಿನಲ್ಲಿ ಸವೆದು ಹೀಗಾಯಿತೆಂದು ವಾದಿಸಬಹುದು. ಆದರೆ ಪದಕ್ರಮ ಆ ವಾದಕ್ಕೆ ಎಡೆಗೊಡುವುದಿಲ್ಲ. ಗುಳೇದಗುಡ್ಡದ ಓಣಿಯಲ್ಲಿ ಕೇಳುವುದು ‘ಗೌಡರ ಬಸಪ್ಪ’ ಎಂದು: ಮನೆತನ ಮೊದಲು, ವಿಶೇಷ್ಯವಾದ ವ್ಯಕ್ತಿನಾಮ ಅನಂತರ. ಶಾಲೆಯ ದಾಖಲೆಯಲ್ಲಿ ಅದು ‘ಬಸಪ್ಪ ಗೌಡರ’ ಎಂದು ತಿರುವುಮುರುವಾದಾಗ ಷಷ್ಠಿಯು ವಿಶೇಷ್ಯವನ್ನು ಕಳೆದುಕೊಂಡು ನಿಂತಿತು.

ಲ್ಯಾಟಿನ್ನಿನ ಕುಲನಾಮವೂ ರೂಪದಲ್ಲಿ ವಿಶೇಷಣವೇ. ಗಂಡಸು ‘ಯೂಲಿಯಸ್’, ಹೆಂಗಸು ‘ಯೂಲಿಯಾ’, ಆ ಕುಲದವನು ತಂದ ಕಾನೂನು ‘ಲೆಕ್ಸ್ ಯೂಲಿಯಾ’, ಕ್ರಿ.ಪೂ. 220ರಲ್ಲಿ ಫ್ಲಾಮಿನಿಯಸ್ ಮಾಡಿಸಿದ ಹಾದಿ ‘ವಿಯಾ ಫ್ಲಾಮಿನಿಯಾ’. ಅಲ್ಲಿ ವಿಶೇಷಣವು ವಿಶೇಷ್ಯದ ಲಿಂಗವನ್ನು ಅನುಸರಿಸುತ್ತದೆ. ಕನ್ನಡದ ಷಷ್ಠಿಗೆ ಆ ಬಂಧನವಿಲ್ಲ; ‘ಗೌಡರ ನೀಲವ್ವ’ ಎಂಬಲ್ಲಿಯೂ ರೂಪ ಅದೇ. ಸಾಧನ ಬೇರೆ, ‘ಇಂಥವರಿಗೆ ಸೇರಿದ’ ಎಂಬ ಸಂಬಂಧ ಮಾತ್ರ ಒಂದೇ.

‘ಹಿರೇಮಠ’ದ ಸಂಗತಿ ಬೇರೆ. ಹಳೆಯ ‘ಪೆರ್’ ‘ಹೆಗ್ಗಡೆ’, ‘ಹೆಮ್ಮರ’ಗಳಲ್ಲಿ ಮುಂದಿನ ವ್ಯಂಜನದೊಡನೆ ಬೆಸೆದುಕೊಂಡಿದೆ. ಇಲ್ಲಿ ‘ಹೆಮ್ಮಠ’ ಆಗಲಿಲ್ಲ; ‘ಹಿರಿಯ’ ಎಂಬ ಪೂರ್ಣಪದವೇ ‘ಹಿರೇ’ ಎಂದು ಕುಗ್ಗಿ ಬಂದಿದೆ. ಆದ್ದರಿಂದ ಕನ್ನಡ-ಸಂಸ್ಕೃತಗಳ ಜೋಡಣೆಯೆಂದು ಇದಕ್ಕೆ ಅರಿಸಮಾಸದ ದೋಷ ಹೊರಿಸುವುದು ಅವಸರದ ತೀರ್ಮಾನ. ಸಮಾಸವೇ ಹೌದೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಊರಿನ ಹೆಸರಿಗೂ ಇದೇ ಸಂಕೋಚವನ್ನು ಅನ್ವಯಿಸಬಹುದೆಂಬುದು ನನ್ನ ಊಹೆ. ‘ಗುಳೆ’ಗೆ ನೇರವಾಗಿ ‘-ದ’ ಹತ್ತುವುದು ಸಹಜವಲ್ಲ, ‘ಗುಳೆಯ’ ಆಗಬೇಕಿತ್ತು. ಅಕಾರಾಂತ ‘ಗುಳೆಯ’ವನ್ನೇ ಪ್ರಕೃತಿಯೆಂದು ಇಟ್ಟುಕೊಂಡರೆ ‘ಗುಳೆಯದ’, ಅದರಿಂದ ‘ಗುಳೇದ’ ಸರಾಗವಾಗಿ ಸಿದ್ಧಿಸುತ್ತದೆ.

ಈ ಚರ್ಚೆ ಕೇವಲ ಶಾಸ್ತ್ರದ್ದಲ್ಲ. ರೋಮನ್ ಲಿಪಿಯಲ್ಲಿ ಅಂತ್ಯದ ಅಕಾರವನ್ನು ಬಿಟ್ಟು ಬರೆದ ಹೆಸರುಗಳು ಕನ್ನಡಕ್ಕೆ ಮರಳುವಾಗ ‘ಗೌಡರ್’, ‘ಬಡಿಗೇರ್’ ಆಗುತ್ತಿವೆ. ಬಿದ್ದುಹೋಗುವ ಆ ಅಕಾರವೇ ಷಷ್ಠಿಯ ಪ್ರತ್ಯಯ.