ಬ್ರೋಷರಿನ ಕೆರೆ

ಬೆಂಗಳೂರಿನ ಅಪಾರ್ಟ್‌ಮೆಂಟ್ ಬ್ರೋಷರನ್ನು ಜಾಹೀರಾತೆಂದು ಪಕ್ಕಕ್ಕಿಡದೆ ಒಂದು ಕೃತಿಯ ಹಾಗೆ ಓದಿ ನೋಡಬೇಕು. ಬಾಲ್ಕನಿಯಲ್ಲಿ ನಗುವ ದಂಪತಿ ಇರುತ್ತಾರೆ, ಒಣಹಾಕಿದ ಬಟ್ಟೆ ಇರುವುದಿಲ್ಲ. ನೀರಿನ ಟ್ಯಾಂಕರು, ಪಕ್ಕದ ಸೈಟಿನ ಗೋಡೆಯ ಮಾತಂತೂ ಕೇಳಲೇಬೇಡಿ. ಎದುರಿಗೆ ನೀಲಿ ಕೆರೆ. ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಇದು ಕಲಾವಿದನ ಕಲ್ಪನೆ ಮಾತ್ರ ಎಂಬ ಷರಾ.

ಚಿತ್ರ ಮೊದಲು ವಾಸ್ತವವನ್ನು ತೋರಿಸುತ್ತದೆ, ಆಮೇಲೆ ತಿರುಚುತ್ತದೆ, ಕೊನೆಗೆ ಅದರ ಹಂಗನ್ನೇ ತೊರೆಯುತ್ತದೆ ಎಂಬರ್ಥದ ಮಾತನ್ನು ಫ್ರೆಂಚ್ ಚಿಂತಕ ಝಾನ್ ಬೋದ್ರಿಯಾರ್ 1981ರಲ್ಲಿ ಬರೆದ. ಬ್ರೋಷರಿನ ಕೆರೆ ಹಂಗು ತೊರೆದ ಜಾತಿಯದು. ಊರಿನ ಬೆಳ್ಳಂದೂರು ಕೆರೆಯ ಹೆಸರಲ್ಲೇ ಮಾರಿದರೂ ಆ ನೀಲಿ ಬೆಳ್ಳಂದೂರಿನದಲ್ಲ. ಕೊಳ್ಳುವವರಿಗೂ ಇದು ಗೊತ್ತು. ಆದರೂ ಕೆರೆ ಕಾಣುವ ಮಗ್ಗುಲಿಗೆ ಹೆಚ್ಚು ದುಡ್ಡು ತೆರುತ್ತಾರೆ. ನೆಂಟರ ಮುಂದೆ ‘ಲೇಕ್ ವ್ಯೂ’ ಎನ್ನುವ ಸುಖಕ್ಕೂ ಒಂದು ರೇಟಿದೆ.

ಚದರಡಿಯೂ ಹೀಗೇ. ‘ಸೂಪರ್ ಬಿಲ್ಟ್‌ಅಪ್’ ಎಂದರೆ ಮೆಟ್ಟಿಲು, ಲಿಫ್ಟು, ಲಾಬಿಯ ಪಾಲೂ ನಿಮ್ಮ ಮನೆಯ ಅಳತೆಗೆ ಸೇರಿತು. ಆ ಪಾಲಿನಲ್ಲಿ ಯಾರೂ ಚಾಪೆ ಹಾಸಲಾರರು.

ಆದರೆ ಬೋದ್ರಿಯಾರನನ್ನು ಪೂರ್ತಿ ಒಪ್ಪುವುದು ಕಷ್ಟ. ಅವನ ಲೆಕ್ಕದಲ್ಲಿ ಚಿತ್ರದ ಹಿಂದೆ ವಾಸ್ತವವೇ ಉಳಿದಿಲ್ಲ. ಇಲ್ಲಿ ಉಳಿದಿದೆ, ನಾರುತ್ತಲೂ ಇದೆ. ಊರಿನ ಕೊಳಚೆ ಸೇರಿದ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿತು. ಅದೇ ವರ್ಷ ವರ್ತೂರು ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಗೆ ಬಂದು ಬಿತ್ತು. 2018ರ ಜನವರಿಯಲ್ಲಿ ಬೆಳ್ಳಂದೂರಿನ ಬೆಂಕಿ ಆರಿಸಲು ಸೈನಿಕರೂ ಬರಬೇಕಾಯಿತು. ಫ್ರಾನ್ಸಿನ ಸಿದ್ಧಾಂತಕ್ಕೆ ಕಣ್ಣು ಚುರುಕು, ಮೂಗಿಲ್ಲ.

ಹಾಗಾಗಿ ಇದೆಲ್ಲ ಸಂಕೇತಗಳ ಆಟವೆಂದು ತಲೆದೂಗಿ ಸುಮ್ಮನಾಗುವ ವಿಮರ್ಶೆಯಿಂದ ಲಾಭ ಬಿಲ್ಡರಿಗೇ. ಈ ವಿಷಯದಲ್ಲಿ ಮನೆ, ಫ್ಲ್ಯಾಟುಗಳ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯೇ ಒಳ್ಳೆಯ ವಿಮರ್ಶಕ. ಮನೆಯೊಳಗೆ ನಿಜಕ್ಕೂ ಬಳಸಲು ಸಿಗುವ ಜಾಗ, ಅಂದರೆ ಕಾರ್ಪೆಟ್ ಏರಿಯಾ, ಏನೆಂಬುದನ್ನು ಅದು ಖಚಿತವಾಗಿ ಹೇಳಿದೆ. ಜಾಹೀರಾತನ್ನೋ ಮಾದರಿ ಫ್ಲ್ಯಾಟನ್ನೋ ನಂಬಿ ಮುಂಗಡ ಕೊಟ್ಟವರಿಗೆ, ಅಲ್ಲಿನ ಸುಳ್ಳಿನಿಂದ ನಷ್ಟವಾದರೆ, ಪರಿಹಾರ ಕೊಡಬೇಕೆಂದು ಅದರ 12ನೇ ಸೆಕ್ಷನ್ ಹೇಳುತ್ತದೆ. ಕಲ್ಪನೆಗೂ ಜವಾಬ್ದಾರಿ ಹೊರಿಸಿದ ಕಾನೂನು ಇದು. ಮನೆ ಬುಕ್ ಮಾಡಿದ ಮೇಲೆ ಬ್ರೋಷರನ್ನು ರದ್ದಿಗೆ ಹಾಕಬೇಡಿ, ಕರಾರುಪತ್ರದ ಜೊತೆಗೇ ಎತ್ತಿಡಿ.